ಗೋಡೆಯ ಹಿಂದಿನ ನೀರು

(ರಾಜರಾಜೇಶ್ವರಿ ನಗರದಲ್ಲಿ, ಇಳಿಜಾರಿನ ಸೈಟಿನಲ್ಲಿ ಮನೆ ಕಟ್ಟಲು ಹೊರಟವರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ನಡೆದು ಬಂದವರು ಹಿಂದಿನ ಕ್ರಾಸಿನಲ್ಲಿ ರಸ್ತೆ ಮೇಲೆ ಒಂದು ಕೆಂಪು ಗೆರೆ ನೋಡಿರಬಹುದು. ನಿನ್ನೆ ರಾತ್ರಿಯ ಮಳೆ ಎಳೆದ ಗೆರೆ ಅದು. ನನಗೆ ಸುಮ್ನಿರಲು ಆಗಲಿಲ್ಲ. ಗೆರೆ ಹಿಡಿದು ಮೇಲಕ್ಕೆ ಹೋದೆ. ಎರಡು ತಿರುವು ದಾಟಿದ ಮೇಲೆ ಒಂದು ಸೈಟು ಸಿಕ್ಕಿತು. ಪಾಯ ತೆಗೆದ ಮಣ್ಣನ್ನು ರಸ್ತೆ ಬದಿಗೆ ಗುಡ್ಡೆ ಹಾಕಿದ್ದಾರೆ. ಗುಡ್ಡೆಯಲ್ಲಿ ಕಾಲು ಭಾಗ ಕಾಣೆ. ಆಮೇಲೆ ಅದೇ ಗೆರೆ ಹಿಡಿದು ಕೆಳಕ್ಕೂ ಹೋದೆ. ಮೋರಿಯ ಜಾಲರಿ ಅರ್ಧ ಮುಚ್ಚಿಹೋಗಿತ್ತು. ಉಳಿದ ಮಣ್ಣು ಒಳಗೆ ಇಳಿದಿದೆ. ಇವತ್ತಲ್ಲ ನಾಳೆ ವೃಷಭಾವತಿ ಸೇರುತ್ತದೆ.

ಮನೆ ಕಟ್ಟಿಸುವ ಯಜಮಾನರು ಅಲ್ಲೇ ನಿಂತಿದ್ದರು. "ಏನ್ ಸಾರ್, ಮಣ್ಣೆಲ್ಲ ಹೋಗಿದೆಯಲ್ಲ" ಅಂದೆ. "ಹೋಗ್ಲಿ ಬಿಡಿ, ಹೇಗೂ ಲಾರಿಗೆ ಹಾಕಿ ಕಳಿಸಬೇಕಿತ್ತು, ಬಾಡಿಗೆ ಉಳೀತು" ಅಂದರು. ಇಬ್ಬರೂ ನಕ್ಕೆವು. ಅವರು ಈಗ ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ, ಹೆದರಬೇಡಿ.

ನಾನು ಮೂವತ್ತು ವರ್ಷದಿಂದ ಕಟ್ಟಡದ ಕೆಲಸದಲ್ಲಿದ್ದೇನೆ. ನಾನು ಹಾಕಿಕೊಟ್ಟ ಲೆಕ್ಕದಂತೆ ಕಟ್ಟಿದ ಒಂದು ಗೋಡೆ ಬಿದ್ದಿದೆ. ಒಂದೇ ಒಂದು. ಇವತ್ತಿನ ಮಾತೆಲ್ಲ ಆ ಗೋಡೆಯಿಂದ ಕಲಿತದ್ದು. ಆ ಕಥೆಗೆ ಬರುತ್ತೇನೆ. ಅದಕ್ಕೂ ಮೊದಲು ನಾವು ನಿಂತಿರುವ ನೆಲದ ಬಗ್ಗೆ ಎರಡು ಮಾತು.

ಬೆಂಗಳೂರು ಸಪಾಟು ಊರು ಅಂತ ಹೊರಗಿನಿಂದ ಬಂದವರು ಅಂದುಕೊಳ್ಳುತ್ತಾರೆ. ಸೈಕಲ್ ತುಳಿದವರನ್ನು ಕೇಳಿ ನೋಡಿ. ಹನುಮಂತನಗರದ ಏರು, ಬ್ಯೂಗಲ್ ರಾಕ್ ಸುತ್ತಿನ ದಿಬ್ಬ, ತುರಹಳ್ಳಿ ಕಡೆಯ ಬಂಡೆಗಳು, ಬನಶಂಕರಿ 6ನೇ ಹಂತದ ಓರೆ ರಸ್ತೆಗಳು. ಗಿರಿನಗರಕ್ಕಂತೂ ಹೆಸರಿನಲ್ಲೇ ಗಿರಿ ಇದೆ. ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿರುವ ನಮ್ಮ ಊರು ಕೂತಿರುವುದು ಒಂದು ಏಣಿನ ಮೇಲೆ. ಹೆಂಚಿನ ಮನೆಗೆ ಮಾಡಿನ ನೆತ್ತಿ ಇರುತ್ತದಲ್ಲ, ಆ ಥರ. ಈ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಆ ಕಡೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲೋ ಹೆಬ್ಬಾಳ ಕಣಿವೆಯಲ್ಲೋ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಹಳಬರು ಈ ಇಳಿಜಾರನ್ನು ನೋಡಿಯೇ ಕೆರೆ ಕಟ್ಟಿದರು. ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ. ನಡುವೆ ರಾಜಕಾಲುವೆ. ಕೆರೆಯಲ್ಲಿ ತುಂಬಿದ ಗೋಡನ್ನು, ಅಂದರೆ ಹೂಳುಮಣ್ಣನ್ನು, ಬೇಸಿಗೆಯಲ್ಲಿ ಗಾಡಿಗೆ ಹೇರಿ ಹೊಲಕ್ಕೆ ಹೊಡೆಯುತ್ತಿದ್ದರು. ಮೇಲಿಂದ ಇಳಿದ ಮಣ್ಣು ಮತ್ತೆ ಮೇಲಕ್ಕೆ ಹೋಗುತ್ತಿತ್ತು.

ಸಪಾಟಾದ ಸೈಟುಗಳು ಯಾವಾಗಲೋ ಮುಗಿದವು. ಈಗ ಉಳಿದಿರುವುದು ಓರೆಯ ಮೇಲಿನವು. ಸ್ವಲ್ಪ ಅಗ್ಗ, ಗಾಳಿ ಚೆನ್ನಾಗಿದೆ, ಬಾಲ್ಕನಿಯಿಂದ ದೂರದವರೆಗೆ ಕಾಣುತ್ತದೆ. ಬ್ರೋಕರ್ ಇಷ್ಟು ಹೇಳುತ್ತಾನೆ. ಮಳೆಯಲ್ಲಿ ಮಾತ್ರ ಯಾರೂ ಸೈಟು ತೋರಿಸುವುದಿಲ್ಲ.

ಈಗ ಮಳೆಯ ಲೆಕ್ಕ. ನಮಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮಲೆನಾಡಿನವರು ಕೇಳಿದರೆ ನಗುತ್ತಾರೆ. ನಮ್ಮ ತೊಂದರೆ ಇರುವುದು ಅದು ಬರುವ ರೀತಿಯಲ್ಲಿ. ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಜೊತೆ ಬಂದು ಒಂದೇ ಗಂಟೆಯಲ್ಲಿ ಸುರಿದು ಹೋಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೆನೆದ ನೆಲದ ಮೇಲೆ ಮತ್ತೆ ಮತ್ತೆ ಬರುತ್ತದೆ. 2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿದೆಯಾ? ಒಂದು ದಿನದ ಲೆಕ್ಕದಲ್ಲಿ 130 ಮಿಲಿಮೀಟರ್ ದಾಟಿತು. ಯಮಲೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟಿವಿಯಲ್ಲಿ ಎಲ್ಲರೂ ತಗ್ಗನ್ನೇ ನೋಡಿದರು. ತಗ್ಗಿಗೆ ಬಂದ ಆ ನೀರು ಮೇಲೆ ಯಾವುದೋ ಸೈಟಿನಿಂದ, ಯಾವುದೋ ತಾರಸಿಯಿಂದ ಹೊರಟದ್ದೇ.

40-60 ಅಡಿಯ ಸೈಟು ಅಂದರೆ 2400 ಚದರಡಿ, ಅಂದರೆ ಸುಮಾರು 223 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ 50 ಮಿಲಿಮೀಟರಿನ ಒಂದು ಜೋರು ಮಳೆಗೆ 11 ಸಾವಿರ ಲೀಟರ್. ದೊಡ್ಡ ಟ್ಯಾಂಕರಿನಲ್ಲಿ ಹಿಡಿಯುವುದು 12 ಸಾವಿರ. ಯಾರೋ ನಿಮ್ಮ ಸೈಟಿನ ಮೇಲ್ತುದಿಯಲ್ಲಿ ಟ್ಯಾಂಕರ್ ನಿಲ್ಲಿಸಿ ವಾಲ್ವ್ ಬಿಚ್ಚಿ ಹೋದ ಹಾಗೆ. 2024ರ ಬೇಸಿಗೆಯಲ್ಲಿ ಅದೇ ಟ್ಯಾಂಕರಿಗೆ ನಾವೆಲ್ಲ ಬೇಡಿಕೊಂಡೆವು, ಅದು ಬೇರೆ ಮಾತು.

ಇದು ನಿಮ್ಮ ಸೈಟಿನ ಮೇಲೆ ಬಿದ್ದ ಮಳೆ ಮಾತ್ರ. ಮೇಲಿನ ನಾಲ್ಕು ಸೈಟಿನ ನೀರು, ರಸ್ತೆಯ ನೀರು, ಅದೂ ನಿಮ್ಮ ಕಡೆಗೇ ಬರುತ್ತದೆ. ಇಳಿಜಾರಿನ ಸೈಟು ಕೊಂಡವರು ಮೊದಲು ತಿಳಿಯಬೇಕಾದದ್ದು ಇದು: ಪತ್ರದಲ್ಲಿ ಬರೆದಿರುವುದು 2400 ಚದರಡಿ. ನೀರು ಬರುವುದು ಅದರ ಐದು ಪಟ್ಟು ಜಾಗದಿಂದ ಇರಬಹುದು.

ಮಣ್ಣು ಹೇಗೆ ಹೋಗುತ್ತದೆ? ದಪ್ಪ ಮಳೆಹನಿ ನೆಲ ಮುಟ್ಟುವಾಗ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುತ್ತದೆ. ಬರಿ ಮಣ್ಣಿಗೆ ಬಡಿದು ಕಣಗಳನ್ನು ಎಬ್ಬಿಸುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಮಳೆಯಾದ ಮೇಲೆ ಕೆಂಪು ಚುಕ್ಕೆಗಳು ಕಾಣುತ್ತವಲ್ಲ, ಅದೇ. ಹೀಗೆ ಎದ್ದ ಮಣ್ಣನ್ನು ಹರಿಯುವ ನೀರು ಹೊತ್ತೊಯ್ಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಅಂತ ಹಳೆಯ ಒಂದು ಸೂತ್ರ ಇದೆ. ನಾನು ಕಾಲೇಜಿನಲ್ಲಿ ಅದನ್ನು ಉರು ಹೊಡೆದಿದ್ದೆ. ಅರ್ಥವಾದದ್ದು ಒಂದು ಸೈಟಿನಲ್ಲಿ ಸೈಜುಕಲ್ಲು ರಸ್ತೆಗೆ ಉರುಳಿ ಬಂದಿದ್ದನ್ನು ನೋಡಿದಾಗ.

40-60 ಸೈಟಿನಿಂದ ಬರೀ ಒಂದು ಸೆಂಟಿಮೀಟರ್ ಮಣ್ಣು ತೊಳೆದು ಹೋದರೆ ಮೂರೂವರೆ ಟನ್ ಆಗುತ್ತದೆ. ಒಂದು ಸೆಂಟಿಮೀಟರ್ ಕಣ್ಣಿಗೂ ಕಾಣುವುದಿಲ್ಲ. ಬೇಸಾಯದ ಹೊಲಕ್ಕಿಂತ ಕಟ್ಟಡದ ಸೈಟಿನಿಂದ 10ರಿಂದ 20 ಪಟ್ಟು ಜಾಸ್ತಿ ಮಣ್ಣು ಹರಿದುಹೋಗುತ್ತದೆ ಅಂತ ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ಹೊಲದ ಬದು ಕಟ್ಟಲು ನಮ್ಮ ತಾತಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೈಟಿಗೆ ಬದು ಬೇಕು ಅನ್ನುವುದು ನಮಗೆ ಹೊಳೆಯುವುದೇ ಇಲ್ಲ.

ನಮ್ಮ ಕೆಂಪು ಮಣ್ಣಿನ ಒಂದು ಗುಣ ಹೇಳಲೇಬೇಕು. ಅದು ಮೋಸಗಾರ ಮಣ್ಣು. ಬೇಸಿಗೆಯಲ್ಲಿ ಹಾರೆ ಹಾಕಿದರೂ ಏಳುವುದಿಲ್ಲ. ಜೆಸಿಬಿ ಹತ್ತಡಿ ನೇರವಾಗಿ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ಮೇಸ್ತ್ರಿ ಅದನ್ನು ನೋಡಿ "ಕಲ್ಲಿನಂಗೈತೆ ಸಾರ್" ಅನ್ನುತ್ತಾನೆ. ಅದು ನಿಂತಿರುವುದು ಒಣಗಿರುವುದರಿಂದ. ನೆನೆದ ಮೇಲೆ ಅದೇ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಐದಡಿಗಿಂತ ಆಳದ ಗುಂಡಿಗೆ ಹಲಗೆ ಕೊಟ್ಟು ಆನಿಸಬೇಕು ಅಂತ ನಿಯಮವೇ ಇದೆ. ನಮ್ಮ ಊರಿನಲ್ಲಿ ಮನೆ ಕಟ್ಟುವಾಗ ಎಷ್ಟು ಜನ ಹಲಗೆ ಕೊಡುತ್ತಾರೆ? ಮಣ್ಣು ಕುಸಿದು ಕೂಲಿಯವರು ಸತ್ತ ಸುದ್ದಿ ಪೇಪರಿನಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಕಡಿದ ಅಂಚಿನ ಮೇಲೆ, ಅಂಚಿಗೆ ಸಮಾನಾಂತರವಾಗಿ ಒಂದು ಕೂದಲೆಳೆಯಷ್ಟು ಬಿರುಕು ಕಂಡರೂ ಸರಿ, ಕೆಳಗೆ ಯಾರನ್ನೂ ಇಳಿಸಬೇಡಿ. ಅದರಲ್ಲಿ ಮಾತ್ರ ಚೌಕಾಸಿ ಬೇಡ.

ಸರಿ, ಈಗ ನನ್ನ ಗೋಡೆ.

ಮಳೆಕೊಯ್ಲು ಕಡ್ಡಾಯ ಮಾಡಿ ಕಾನೂನು ಬಂದದ್ದು 2009ರಲ್ಲಿ. ಅದರ ಹಿಂದೆಯೇ ನಮ್ಮ ಭಾವ ಒಂದು ಇಳಿಜಾರಿನ ಸೈಟು ತೆಗೆದುಕೊಂಡರು. ಮನೆಯ ಜಾಗವನ್ನು ಮಟ್ಟ ಮಾಡಲು ಕೆಳಗಿನ ಅಂಚಿಗೆ 10 ಅಡಿ ಎತ್ತರ, 60 ಅಡಿ ಉದ್ದದ ತಡೆಗೋಡೆ ಬೇಕಾಯಿತು. ಸೈಜುಕಲ್ಲಿನ ಗೋಡೆ. ಲೆಕ್ಕ ನನ್ನದು. ಹಿಂದೆ ಮಣ್ಣು ತುಂಬಿಸಿದೆವು, ಜೊತೆಗೆ ಒಂದಷ್ಟು ಹಳೇ ಮನೆಯ ಡೆಬ್ರಿ. ಮೇಸ್ತ್ರಿ ತಮಿಳುನಾಡಿನ ಕಡೆಯ ಹಿರಿಯರು. "ಸಾರ್, ನೀರಿಗೆ ದಾರಿ ಬಿಡಿ, ಪೈಪ್ ಇಡೋಣ" ಅಂದರು. ಭಾವನವರಿಗೆ ಮುಂದಿನಿಂದ ತೂತು ಕಾಣುವುದು ಇಷ್ಟವಿರಲಿಲ್ಲ. "ಬೇಕೇ ಬೇಕಾ?" ಅಂದರು. ಅಕ್ಕನ ಗಂಡ, ಎದುರು ಮಾತಾಡುವುದು ಹೇಗೆ? ನಾನು "ನಾಲ್ಕು ಸಾಕು ಬಿಡಿ" ಅಂದೆ. 60 ಅಡಿಗೆ ನಾಲ್ಕು.

ಇಷ್ಟಕ್ಕೇ ನಿಲ್ಲಲಿಲ್ಲ. ಹೊಸ ಕಾನೂನು, ಹೊಸ ಹುರುಪು. ತಾರಸಿಯ ನೀರನ್ನೆಲ್ಲ ಭೂಮಿಗೆ ಇಂಗಿಸಬೇಕು ಅಂತ ಒಂದು ಇಂಗುಗುಂಡಿ ಮಾಡಿಸಿದೆ. ಜಾಗ ಎಲ್ಲಿತ್ತು? ಹಿತ್ತಲಿನಲ್ಲಿ. ಗೋಡೆಯಿಂದ ನಾಲ್ಕಡಿ ಈಚೆ.

ಅರ್ಥವಾಯಿತಲ್ವಾ? ಒಳ್ಳೆಯ ಕೆಲಸ ಅಂದುಕೊಂಡು ನಾನೇ ಗೋಡೆಯ ಬೆನ್ನಿಗೆ ನೀರು ತುಂಬಿಸಿದ್ದೆ. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯ ವರ್ಷ ಅಕ್ಟೋಬರಿನಲ್ಲಿ ಮೂರು ದಿನ ಬಿಟ್ಟೂ ಬಿಡದೆ ಸುರಿಯಿತು. ಬೆಳಗಿನ ಜಾವ ಅಕ್ಕ ಫೋನ್ ಮಾಡಿದಳು. "ಗೋಡೆ ಹೊಟ್ಟೆ ಬಂದ ಹಾಗೆ ಕಾಣ್ತಿದೆ ಕಣೋ." ನಾನು ಹೋಗಿ ಮುಟ್ಟುವ ಹೊತ್ತಿಗೆ ನಡುವಿನ 25 ಅಡಿ ಕೆಳಗಿನ ಖಾಲಿ ಸೈಟಿಗೆ ಮಲಗಿತ್ತು. ಖಾಲಿ ಸೈಟು. ಈಗ ಅಲ್ಲಿ ಮೂರು ಮಹಡಿ ಮನೆ ಇದೆ.

ಲೆಕ್ಕ ಕೇಳಿ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ನಾಲ್ಕೂವರೆ ಟನ್ ತಳ್ಳಾಟ. 60 ಅಡಿಗೆ ಸುಮಾರು 80 ಟನ್. ಇದು ನೀರಿನದು ಮಾತ್ರ, ಮಣ್ಣಿನ ತಳ್ಳಾಟ ಬೇರೆ. ನಾನು ಮಣ್ಣಿಗೆ ಲೆಕ್ಕ ಹಾಕಿದ್ದೆ. ನೀರಿಗೆ ಹಾಕಿರಲಿಲ್ಲ, ಏಕೆಂದರೆ ತೂತಿನಿಂದ ಅದು ಹೊರಗೆ ಹೋಗುತ್ತದೆ ಅಂದುಕೊಂಡಿದ್ದೆ. ಇದ್ದ ನಾಲ್ಕು ತೂತನ್ನೂ ಹಿಂದಿನ ಜೇಡಿ ಮುಚ್ಚಿಬಿಟ್ಟಿತ್ತು.

ಜಲಾನಯನದ ಕೆಲಸ ಮಾಡುವವರು ಹೇಳುವ ಮಾತೊಂದಿದೆ. ಓಡುವ ನೀರನ್ನು ನಡೆಯುವಂತೆ ಮಾಡು, ನಡೆಯುವ ನೀರನ್ನು ನಿಲ್ಲುವಂತೆ ಮಾಡು, ನಿಂತ ನೀರನ್ನು ಇಂಗುವಂತೆ ಮಾಡು. ಹೊಲಕ್ಕೆ, ಗೋಮಾಳಕ್ಕೆ ಚಿನ್ನದಂಥ ಮಾತು. ಇಳಿಜಾರಿನ ಮನೆಗೆ ಮೊದಲ ಭಾಗ ಮಾತ್ರ ಕಣ್ಣುಮುಚ್ಚಿ ಪಾಲಿಸಬಹುದು. ನಿಲ್ಲಿಸುವುದು ಎಲ್ಲಿ, ಇಂಗಿಸುವುದು ಎಲ್ಲಿ ಅನ್ನುವುದನ್ನು ಯೋಚನೆ ಮಾಡಿಯೇ ತೀರ್ಮಾನಿಸಬೇಕು. ನೀರು ಎಲ್ಲಿ ಬರುತ್ತದೆ, ಎಲ್ಲಿ ಹೋಗಬೇಕು ಅಂತ ಮೊದಲು ಗೆರೆ ಎಳೆಯಿರಿ. ಮನೆಯ ಪ್ಲಾನ್ ಆಮೇಲೆ. ನಾವು ಮಾಡುವುದು ಉಲ್ಟಾ. ವಾಸ್ತು ನೋಡಿ ಅಡುಗೆಮನೆ ಗೊತ್ತು ಮಾಡಿ, ಗೃಹಪ್ರವೇಶಕ್ಕೆ ಊಟ ಹಾಕಿ, ಮೊದಲ ಮಳೆಗೆ ನೀರು ಹಾಲಿಗೆ ಬಂದ ಮೇಲೆ ಎಂಜಿನಿಯರನ್ನು ಹುಡುಕುತ್ತೇವೆ.

ಹಾಗಾಗಿ, ಸೈಟು ಕೊಂಡ ಮೇಲೆ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಅಲ್ಲಿ ಅರ್ಧ ಗಂಟೆ ನಿಲ್ಲಿ. ನೀರು ಯಾವ ಮೂಲೆಯಲ್ಲಿ ಒಳಗೆ ಬರುತ್ತದೆ, ಎಲ್ಲಿ ಒಟ್ಟಾಗುತ್ತದೆ, ಎಲ್ಲಿಂದ ಹೊರಗೆ ಬೀಳುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮಳೆ ಇಲ್ಲದ ದಿನ ಮೇಸ್ತ್ರಿಯ ಟ್ಯೂಬ್ ಲೆವೆಲ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಪೈಪು, ಸಾಕು. ಇಬ್ಬರು ಸೇರಿದರೆ ಒಂದು ಗಂಟೆಯಲ್ಲಿ ಸೈಟಿನ ಏರು ತಗ್ಗು ಕಾಗದಕ್ಕೆ ಬರುತ್ತದೆ.

ಇನ್ನು ಕಾಲ. ಮಣ್ಣು ಕೆಲಸವನ್ನು ಜನವರಿಯಲ್ಲಿ ಶುರು ಮಾಡಿ, ಏಪ್ರಿಲ್ ಮುಗಿಯುವುದರೊಳಗೆ ಪಾಯ, ತಡೆಗೋಡೆ ಮೇಲೆ ಬಂದಿರಬೇಕು. ಆಗಸ್ಟಿನಲ್ಲಿ ಪೂಜೆ ಮಾಡಿ ಸೆಪ್ಟೆಂಬರಿನಲ್ಲಿ ಗುಡ್ಡ ಕಡಿಯುವುದು ಕೇಡನ್ನು ಕರೆದು ಕೂರಿಸಿದ ಹಾಗೆ. ಮುಹೂರ್ತ ಬೇಕಾದರೆ ಪುರೋಹಿತರ ಹತ್ತಿರ ಕೂತು ಮಾಘದಲ್ಲಿ ಒಂದು ಹುಡುಕಿಸಿ, ಸಿಗುತ್ತದೆ.

ಜೆಸಿಬಿ ಬರುವ ಮೊದಲೇ ಆಗಬೇಕಾದ ಕೆಲಸ ಒಂದಿದೆ. ಸೈಟಿನ ಮೇಲಂಚಿನಲ್ಲಿ ಅಡ್ಡ ಕಾಲುವೆ. ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಇದ್ದರೆ ಸಾಮಾನ್ಯ ಸೈಟಿಗೆ ನಡೆಯುತ್ತದೆ. ಮೇಲಿಂದ ಬರುವ ನೀರನ್ನು ಅದು ಹಿಡಿದು ಪಕ್ಕಕ್ಕೆ ತಿರುಗಿಸುತ್ತದೆ. ನೀವು ಕಡಿದ ಹಸಿ ಮಣ್ಣಿಗೆ ಆ ನೀರು ಮುಟ್ಟುವುದೇ ಇಲ್ಲ. ಕಾಲುವೆಗೆ ಇಳಿಜಾರು 100 ಅಡಿಗೆ ಒಂದಡಿ ಇದ್ದರೆ ಸಾಕು, ನೀರು ನಡೆಯುತ್ತದೆ. ಜಾಸ್ತಿ ಕೊಟ್ಟರೆ ಓಡುತ್ತದೆ, ಕಾಲುವೆಯನ್ನೇ ಕೊರೆಯುತ್ತದೆ. ಪಕ್ಕದಲ್ಲಿ ಕೆಳಕ್ಕೆ ಇಳಿಸುವಾಗ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಜೋಡಿಸಿ. ಪ್ರತಿ ಮೆಟ್ಟಿಲಿಗೆ ಬಿದ್ದು ನೀರಿನ ಸೊಕ್ಕು ಇಳಿಯುತ್ತದೆ. ದೇವಸ್ಥಾನದ ಕಲ್ಯಾಣಿ ನೋಡಿಲ್ವಾ, ಒಳಗೆ ಇಳಿಯುವ ಮಳೆನೀರು ಮೆಟ್ಟಿಲ ಮೇಲೆ ಎಷ್ಟು ಸಾಧುವಾಗಿ ಬರುತ್ತದೆ. 30-40 ಸೈಟಿನಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ ಅಂತ ಕೇಳುತ್ತೀರಿ. ಮನೆಯ ಸುತ್ತ ಬಿಡಲೇಬೇಕಾದ ಜಾಗ ಇದೆಯಲ್ಲ, ಅಲ್ಲೇ. ಅದನ್ನೂ ಬಿಡದೆ ಕಟ್ಟುವವರಿಗೆ ನನ್ನ ಹತ್ತಿರ ಉಪಾಯ ಇಲ್ಲ.

ಆಮೇಲೆ ಕಡಿಯುವುದು, ತುಂಬುವುದು. ಓರೆಯ ಸೈಟನ್ನು ಕಂಡ ಕೂಡಲೇ ಅದನ್ನು ಕೇರಂ ಬೋರ್ಡ್ ಮಾಡಬೇಕು ಅನ್ನಿಸುತ್ತದೆ. ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬುತ್ತಾರೆ. ಮನೆ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂರುತ್ತದೆ. ತುಂಬಿದ ಮಣ್ಣು ಕೂತುಕೊಳ್ಳುತ್ತಾ ಹೋಗುತ್ತದೆ. ಎರಡು ಮೂರು ವರ್ಷಕ್ಕೆ ಸರಿಯಾಗಿ ಆ ಗಡಿಯಲ್ಲೇ ಗೋಡೆ ಸೀಳುತ್ತದೆ. ತುಂಬಲೇಬೇಕಾದರೆ ಅರ್ಧರ್ಧ ಅಡಿ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆಯಿರಿ. ಪಾಯವನ್ನು ಮಾತ್ರ ಹಳೆಯ ಗಟ್ಟಿ ನೆಲ ಸಿಗುವವರೆಗೂ ಇಳಿಸಿ.

ಅದಕ್ಕಿಂತ ಚೆನ್ನ ಅಂದರೆ ನೆಲಕ್ಕೆ ತಕ್ಕ ಹಾಗೆ ಮನೆಯನ್ನೇ ಮೆಟ್ಟಿಲು ಮಾಡುವುದು. ಕೆಳಗಿನ ಮಟ್ಟದಲ್ಲಿ ಕಾರು, ಐದಾರು ಮೆಟ್ಟಿಲು ಮೇಲೆ ಹಾಲು, ಇನ್ನೈದು ಮೇಲೆ ರೂಮುಗಳು. ಇದರಲ್ಲಿ ಒಂದು ಗಣಿತ ಇದೆ. ತಡೆಗೋಡೆಯ ಮೇಲಿನ ತಳ್ಳಾಟ ಎತ್ತರದ ವರ್ಗದಂತೆ ಏರುತ್ತದೆ. ಐದಡಿ ಗೋಡೆಯ ಮೇಲಿನ ತಳ್ಳಾಟ ಹತ್ತಡಿಯದರ ಕಾಲು ಭಾಗ. ಎರಡು ಐದಡಿ ಗೋಡೆ ಸೇರಿದರೂ ಒಂದು ಹತ್ತಡಿ ಗೋಡೆಯ ಅರ್ಧ. ಎರಡರ ನಡುವೆ ಅಂತರ ಬಿಡಬೇಕು, ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟಾದರೂ. ಹತ್ತಿರ ಹತ್ತಿರ ಕಟ್ಟಿದರೆ ಮೇಲಿನದರ ಭಾರವನ್ನು ಕೆಳಗಿನದು ಹೊರಬೇಕಾಗುತ್ತದೆ, ಲೆಕ್ಕ ಮತ್ತೆ ಹತ್ತಡಿಗೆ ಬರುತ್ತದೆ. ವಯಸ್ಸಾದ ತಂದೆ ತಾಯಿ ಇದ್ದಾರೆ, ಮೆಟ್ಟಿಲು ಬೇಡ ಅನ್ನುವವರೂ ಇದ್ದಾರೆ. ನಿಜ. ಅವರ ರೂಮು, ಹಾಲು, ಅಡುಗೆಮನೆ ಒಂದೇ ಮಟ್ಟದಲ್ಲಿರಲಿ, ಉಳಿದದ್ದು ಹತ್ತಲಿ ಇಳಿಯಲಿ.

ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಮಳೆ, ಅಲ್ಲಿನ ಬೆಟ್ಟ ನಮ್ಮಲ್ಲಿಲ್ಲ. ಹೋಲಿಸಿ ಹೆದರಿಸಲು ನಾನು ಬಂದಿಲ್ಲ. ಆದರೆ ಗುಡ್ಡದ ಬುಡವನ್ನು ಕಡಿದರೆ ಮೇಲಿನದಕ್ಕೆ ಆಸರೆ ತಪ್ಪುತ್ತದೆ ಅನ್ನುವುದು ಮಡಿಕೇರಿಗೂ ಒಂದೇ, ಮೈಸೂರು ರಸ್ತೆಗೂ ಒಂದೇ.

ಕೆಲಸ ನಡೆಯುವಾಗಿನ ಸಣ್ಣಪುಟ್ಟದ್ದನ್ನು ಬೇಗ ಹೇಳಿಬಿಡುತ್ತೇನೆ. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ತೆಗೆದಿಡಿ, ತೋಟಕ್ಕೆ ಬೇಕಾಗುತ್ತದೆ. ಮಣ್ಣಿನ ಗುಡ್ಡೆ ರಸ್ತೆಯ ಮೇಲೆ ಬೇಡ. ಸೈಟಿನ ಒಳಗೆ, ಮೇಲ್ಭಾಗದಲ್ಲಿ, ಟಾರ್ಪಾಲು ಹೊದಿಸಿ. ತಿಂಗಳುಗಟ್ಟಲೆ ಇರುವ ಗುಡ್ಡೆಯಾದರೆ ಮೇಲೆ ಹುರುಳಿ ಚೆಲ್ಲಿ. ವಾರ ಹತ್ತು ದಿನದಲ್ಲಿ ಹಸಿರಾಗುತ್ತದೆ, ಬೇರು ಮಣ್ಣು ಹಿಡಿಯುತ್ತದೆ. ಖಾಲಿ ಸಿಮೆಂಟು ಚೀಲಕ್ಕೆ ಮಣ್ಣು ತುಂಬಿ ಗುಡ್ಡೆಯ ಕೆಳಗೆ ಸಾಲಾಗಿ ಇಡಿ. ಲಾರಿ ಬರುವ ಬಾಗಿಲಿಗೆ ಹದಿನೈದು ಅಡಿ ಉದ್ದಕ್ಕೆ ದಪ್ಪ ಜಲ್ಲಿ ಹರಡಿ, ಟೈರಿಗೆ ಅಂಟಿದ ಕೆಸರು ಅಲ್ಲೇ ಉದುರುತ್ತದೆ. ಹಸಿರು ಶೇಡ್‌ನೆಟ್ ಸುಮ್ನೆ ಕಟ್ಟಿ "ಮಣ್ಣು ತಡೆದೆವು" ಅನ್ನುವವರಿದ್ದಾರೆ. ಅದರ ಕಣ್ಣಿನಲ್ಲಿ ಮಣ್ಣು ಸಲೀಸಾಗಿ ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆ ಬೇಕು, ಅದರ ಬುಡ ಅರ್ಧ ಅಡಿ ನೆಲದೊಳಗೆ ಹೂತಿರಬೇಕು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಹೂಳುಗುಂಡಿ. ಸೈಟಿನ ಕೆಳಮೂಲೆಯಲ್ಲಿ ನಾಲ್ಕಡಿ ಚೌಕ, ಮೂರಡಿ ಆಳದ ಗುಂಡಿ. ಸೈಟಿನ ಕೆಸರುನೀರೆಲ್ಲ ಅದರೊಳಗೆ ಬಂದು, ಮಣ್ಣು ತಳಕ್ಕೆ ಕೂತು, ನೀರು ಮೇಲಿಂದ ಹೊರಗೆ ಹೋಗುತ್ತದೆ. ಹೊರದಾರಿಗೆ ಒಂದಿಷ್ಟು ಜಲ್ಲಿ ಸುರಿದರೆ ಇನ್ನೂ ತಿಳಿಯಾಗುತ್ತದೆ. ಇಬ್ಬರು ಆಳು ಒಂದು ದಿನದಲ್ಲಿ ತೋಡುತ್ತಾರೆ. ಪ್ರತಿ ಮಳೆಯಾದ ಮೇಲೆ ಮಣ್ಣು ಎತ್ತಿ ಮತ್ತೆ ತುಂಬಲು ಬಳಸಬಹುದು. ಇದು ನಿಮ್ಮ ಸೈಟಿನ ಪುಟ್ಟ ಕೆರೆ, ಆ ಮಣ್ಣು ನಿಮ್ಮ ಗೋಡು. ಮಕ್ಕಳು ಬೀಳದ ಹಾಗೆ ಸುತ್ತ ಏನಾದರೂ ಕಟ್ಟಿ.

ಈಗ ಗೋಡೆಗೆ ತೂತು. ಮೂರಿಂಚಿನ ಪೈಪು, ನಾಲ್ಕೈದು ಅಡಿಗೊಂದು, ಮೇಲಿನ ಸಾಲಿನ ತೂತು ಕೆಳಗಿನ ಸಾಲಿನ ತೂತುಗಳ ನಡುನಡುವೆ ಬರುವ ಹಾಗೆ, ಹೊರಕ್ಕೆ ಸ್ವಲ್ಪ ಬಾಗಿ. ಬರೀ ಪೈಪು ಇಟ್ಟರೆ ನನ್ನ ಗೋಡೆಯ ಗತಿಯೇ. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ ಬೇಕು, ಬುಡದಿಂದ ಮೇಲಿನವರೆಗೆ. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದು ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ, ಕಾಫಿ ಫಿಲ್ಟರಿನ ಥರ. ಬುಡದಲ್ಲಿ ತೂತು ಹೊಡೆದ ಪೈಪು ಮಲಗಿಸಿ, ಅದರ ನೀರನ್ನು ಪಕ್ಕಕ್ಕೆ ಹೊರಗೆ ಬಿಡಿ. ಗೋಡೆಯ ತಲೆಯ ಮೇಲೆ ನೀರು ಇಳಿಯದಂತೆ ಜೇಡಿಯದೋ ಕಾಂಕ್ರೀಟಿನದೋ ಹೊದಿಕೆ. ಡೆಬ್ರಿ, ಹಳೇ ಪ್ಲಾಸ್ಟರ್, ಪ್ಲಾಸ್ಟಿಕ್ ಚೀಲ ಗೋಡೆಯ ಹಿಂದೆ ಬೇಡವೇ ಬೇಡ. ಕಾಂಟ್ರಾಕ್ಟರಿಗೆ ಅದು ಪುಕ್ಕಟೆ ಕಸದ ಬುಟ್ಟಿ. ಮಣ್ಣು ತುಂಬುವ ದಿನ ರಜೆ ಹಾಕಿಯಾದರೂ ಸೈಟಿನಲ್ಲಿ ನಿಲ್ಲಿ. ಟೈಲ್ಸ್ ಆರಿಸಲು ನಾಲ್ಕು ರಜೆ ಹಾಕುತ್ತೀರಿ, ಇದಕ್ಕೆ ಒಂದು ಹಾಕಿ.

ತಾರಸಿಯ ನೀರು ಎಲ್ಲಿಗೆ? ಮೊದಲು ಸಂಪಿಗೆ. 1200 ಚದರಡಿಯ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೂ ಮಳೆಕೊಯ್ಲು ಕಡ್ಡಾಯ. ಹೇಗೆ ಮಾಡುವುದು ಅಂತ ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನ ಇದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದು. ಇಂಗುಬಾವಿ ತೋಡಿಸುವುದಾದರೆ ಮಣ್ಣು ಒಡ್ಡರನ್ನು ಕರೆಸಿ. ತಲೆಮಾರುಗಳಿಂದ ಬಾವಿ ತೋಡಿದವರು, ಮಣ್ಣು ಕೈಗೆ ತೆಗೆದುಕೊಂಡೇ ಮಾತಾಡುತ್ತಾರೆ. ಮೂರಡಿ ಅಗಲ, 20 ಅಡಿ ಆಳದ ಬಾವಿಗೆ 4 ಸಾವಿರ ಲೀಟರ್ ಹಿಡಿಸುತ್ತದೆ, ಇಂಗುತ್ತಾ ಹೋದ ಹಾಗೆ ಇನ್ನಷ್ಟು ತಗೊಳ್ಳುತ್ತದೆ. ಜಾಗ ಮಾತ್ರ ನೋಡಿ. ತಡೆಗೋಡೆಯಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಲಿ. ಕೆಳಗಿನ ಮನೆಯವರ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಇಂಗುಬಾವಿ ಅವರ ಅಡುಗೆಮನೆ ಗೋಡೆಯ ಬೆನ್ನಿಗೆ ಬಂದರೆ, ಅವರ ಬಣ್ಣ ಉಬ್ಬಿದ್ದಕ್ಕೆ ನೀವೇ ಕಾರಣ. ಅಷ್ಟು ದೂರ ಸಿಗದಿದ್ದರೆ ಇಂಗಿಸುವ ಆಸೆ ಬಿಡಿ, ಸಂಪು ದೊಡ್ಡದು ಮಾಡಿ. ಹಿಡಿದಿಟ್ಟು ಬಳಸಿದರೂ ಮಳೆಕೊಯ್ಲೇ.

ಗಿಡದ ವಿಷಯ. ಗೋಡೆ ಕಟ್ಟಲು ಆಗದ ಸಣ್ಣ ಓರೆಗಳಿಗೆ ಲಾವಂಚದಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೇಸಿಗೆಯಲ್ಲಿ ಮಡಕೆ ನೀರಿಗೆ ಹಾಕುತ್ತೇವಲ್ಲ, ಅದೇ ಬೇರು. ಮಣ್ಣು ಸರಿಯಿದ್ದರೆ ಮೂರು ಮೀಟರ್ ಆಳಕ್ಕೂ ನೇರವಾಗಿ ಇಳಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನು ನೆಡುವುದು ಬಹಳ ಹಳೆಯ ರೂಢಿ. ಓರೆಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, ನಾಲ್ಕೈದು ಇಂಚಿಗೊಂದು ಸಸಿ ನೆಡಿ. ಎರಡು ಮಳೆಗಾಲದಲ್ಲಿ ಬೇಲಿಯ ಹಾಗೆ ಒತ್ತಾಗಿ ಬೆಳೆದು ನೀರನ್ನು ಬಸಿದು ಬಿಡುತ್ತದೆ. ಅದು ಹಿಡಿಯುವವರೆಗೂ ತೆಂಗಿನ ನಾರಿನ ಚಾಪೆ ಹಾಸಿ, ನಡುವೆ ಗರಿಕೆ ಹಬ್ಬಿಸಿ. ತಡೆಗೋಡೆಯ ಅಂಚಿನಲ್ಲಿ ಮಾತ್ರ ದೊಡ್ಡ ಮರ ಬೇಡ.

ಇಷ್ಟು ಹೇಳಿ ನಾನು ನೀರು ಕುಡಿದೆ. ಆಮೇಲೆ ಪ್ರಶ್ನೆಗಳು.

ಒಬ್ಬರು ಕೇಳಿದರು: "ಮೇಲಿನ ಮನೆಯವರು ಅವರ ನೀರನ್ನೆಲ್ಲ ನಮ್ಮ ಕಡೆ ಬಿಡುತ್ತಾರೆ. ಗೋಡೆ ಕಟ್ಟಿ ನಿಲ್ಲಿಸಿಬಿಡಲಾ?"

ಬೇಡ ಸಾರ್. ಮೇಲಿನ ನೆಲದಲ್ಲಿ ಸಹಜವಾಗಿ ಬಿದ್ದ ನೀರು ಕೆಳಗಿನ ನೆಲಕ್ಕೆ ಸಹಜವಾಗಿ ಹರಿದು ಬರಲು ಬಿಡಬೇಕು ಅಂತ, ಅಕ್ಕಪಕ್ಕದ ಜಾಗಗಳ ಹಕ್ಕಿನ ಬಗ್ಗೆ ಇರುವ 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ನೀವು ಅಡ್ಡ ಕಟ್ಟುವಂತಿಲ್ಲ. ಆದರೆ ಅಲ್ಲಿರುವ ಮಾತು ಸಹಜವಾಗಿ ಅಂತ. ತಾರಸಿಯ ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ ನಿಮ್ಮ ಪಾಯದ ಮೇಲೆ ಬಿಡುವುದಕ್ಕೆ ಆ ಮಾತು ರಕ್ಷಣೆ ಕೊಡುತ್ತದೆ ಅಂತ ನನಗನ್ನಿಸುವುದಿಲ್ಲ. ನಾನು ವಕೀಲನಲ್ಲ. ಕೋರ್ಟಿಗೆ ಹೋಗುವ ಮೊದಲು ಇಬ್ಬರೂ ಸೇರಿ ಆ ಪೈಪನ್ನು ರಸ್ತೆ ಮೋರಿಗೆ ಸೇರಿಸುವ ಖರ್ಚು ಎಷ್ಟು ಅಂತ ಕೇಳಿ ನೋಡಿ. ವಕೀಲರ ಮೊದಲ ಫೀಸಿಗಿಂತ ಕಡಿಮೆ ಇರುತ್ತದೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದರು. "ನೀನು ಹೊಸ ಮನೆಗೆ ಹೇಳಿದೆ ಮಗಾ. ನಮ್ಮದು ಕಟ್ಟಿ ಇಪ್ಪತ್ತು ವರ್ಷ ಆಯ್ತು. ಹಿಂದುಗಡೆ ಎಂಟಡಿ ಗೋಡೆ ಇದೆ. ಈಗ ಏನ್ ಮಾಡ್ಲಿ?"

ಅಮ್ಮಾ, ಮಳೆ ಬಂದಾಗ ಹೋಗಿ ಆ ಗೋಡೆ ನೋಡಿ ಅಂದೆ. ತೂತಿನಿಂದ ತಿಳಿನೀರು ಬರುತ್ತಿದ್ದರೆ ಗೋಡೆ ಆರೋಗ್ಯವಾಗಿದೆ. ಕೆಂಪು ನೀರು ಬರುತ್ತಿದ್ದರೆ ಹಿಂದಿನ ಮಣ್ಣು ಖಾಲಿಯಾಗುತ್ತಿದೆ. ಮೂರು ದಿನ ಸುರಿದರೂ ತೂತು ಒಣಗಿದ್ದರೆ ಅದು ಇನ್ನೂ ಕೆಟ್ಟದ್ದು, ನೀರು ಒಳಗೇ ನಿಂತಿದೆ. ಕಬ್ಬಿಣದ ಸರಳು ತೂರಿಸಿ ಮೆಲ್ಲಗೆ ಬಿಡಿಸಬೇಕು. ಗೋಡೆ ಉಬ್ಬಿದ್ದರೆ ಮುಟ್ಟಬೇಡಿ, ಗೊತ್ತಿರುವವರನ್ನು ಕರೆಸಿ.

"ನಡಿ, ಈಗಲೇ ನೋಡು" ಅಂದರು. ಸಭೆ ಮುಗಿದ ಮೇಲೆ ಏಳೆಂಟು ಜನ ಅವರ ಹಿಂದೆ ಹೊರಟೆವು. ಎರಡು ಕ್ರಾಸ್ ಆಚೆ ಮನೆ. ಕಲ್ಲಿನ ಗೋಡೆ ಚೆನ್ನಾಗಿ ಕಟ್ಟಿದ್ದರು, ಒಂದಿಷ್ಟೂ ಉಬ್ಬಿರಲಿಲ್ಲ. ಒಂಬತ್ತು ತೂತು ಲೆಕ್ಕಕ್ಕೆ ಸಿಕ್ಕವು. ಎರಡರಲ್ಲಿ ಪಾಚಿ ಕಟ್ಟಿ ನೀರು ತೊಟ್ಟಿಕ್ಕುತ್ತಿತ್ತು. ಉಳಿದ ಏಳಕ್ಕೆ ಯಾರೋ ಅಚ್ಚುಕಟ್ಟಾಗಿ ಸಿಮೆಂಟು ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು. ಮೊಮ್ಮಗನ ಮದುವೆಗೆ ಪೇಂಟ್ ಮಾಡಿಸಿದಾಗ ಹಲ್ಲಿ, ಜಿರಲೆ ಬರುತ್ತವೆ ಅಂತ ಮುಚ್ಚಿಸಿದ್ದಂತೆ. ಬೆಳಗ್ಗೆ ಮಣ್ಣಿನ ಬಗ್ಗೆ ನಕ್ಕಿದ್ದ ಆ ಯಜಮಾನರೂ ನಮ್ಮ ಜೊತೆ ಬಂದಿದ್ದರು. ಅವರ ಸೈಟು ಹತ್ತಿರವೇ. ಹೋಗಿ ಅಲ್ಲಿಂದ ಸುತ್ತಿಗೆ, ಉಳಿ ತಂದರು. ಮೂರನೆಯ ತೂತು ಬಿಡಿಸುವಾಗ ಒಳಗಿಂದ ನೀರು ಚಿಮ್ಮಿ ಅವರ ಬಿಳಿ ಪಂಚೆಯೆಲ್ಲ ಕೆಂಪಾಯಿತು.